ಹಾಸ್ಟೆಲಿನ ನೀಲಿ ಡ್ರಮ್ಮು

ಅಣ್ಣನ ಮಗನನ್ನು ನೋಡಲೆಂದು ನಿನ್ನೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋಗಿದ್ದಾಗ, ಕೈತೊಳೆಯುವ ಜಾಗದ ಪಕ್ಕದ ನೀಲಿ ಡ್ರಮ್ಮಿನಲ್ಲಿ ಅರ್ಧಕ್ಕೂ ಮೇಲೆ ಸಾರಿನಲ್ಲಿ ನೆನೆದ ಅನ್ನ, ಅದರ ಮೇಲೆ ತುದಿಯನ್ನೂ ಮುರಿಯದ ಎರಡು ಚಪಾತಿ ಬಿದ್ದಿದ್ದುದನ್ನು ಕಂಡೆ. ಮೆಸ್ ಬಿಲ್ಲು ಕಟ್ಟಲಾಗದೆ ರಾತ್ರಿಯೂಟ ಬಿಟ್ಟು, ಬನ್ನು ಬಾಳೆಹಣ್ಣಿನಲ್ಲಿ ದಿನ ಕಳೆಯುವ ಹುಡುಗರೂ ಅಲ್ಲಿಯೇ ಇದ್ದಾರೆಂದು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಊಟ ಬೇಡದವರು ಹಿಂದಿನ ದಿನವೇ ತಿಳಿಸುವ ವ್ಯವಸ್ಥೆ, ಮಿಕ್ಕ ಕೂಪನ್ನನ್ನು ಹೆಸರು ಕೇಳದೆ ಅಗತ್ಯವಿದ್ದವರಿಗೆ ದಾಟಿಸುವ ಏರ್ಪಾಡು, ಇವಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಸಭೆಗಳಿಗೆ ತರಿಸುವ ಗೋಡಂಬಿಯ ಖರ್ಚಿನಲ್ಲೇ ಆದೀತು.

1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ ಇಂಡಾಫ್ ತಳಿಗಳು ಈ ನಾಡಿನ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದವು. ಕಡಿಮೆ ನೀರಿನಲ್ಲಿ ಬೆಳೆಯುವ ಅದೇ ರಾಗಿ ಈ ಹಾಸ್ಟೆಲಿನಲ್ಲಿ ಬುಧವಾರಕ್ಕೊಮ್ಮೆ ಮಾತ್ರ ಮುದ್ದೆಯಾಗಿ ಕಾಣಿಸಿಕೊಳ್ಳುತ್ತದೆ. ಆ ದಿನ ಡ್ರಮ್ಮು ತುಂಬುವುದಿಲ್ಲವಂತೆ. ಸೊಪ್ಪಿನ ಸಾರಿಗೆ ಹುಡುಗರು ಎರಡನೇ ಸಲ ಸಾಲು ನಿಲ್ಲುತ್ತಾರಂತೆ.