ಮಳೆಗಾಲದ ಕಿಟಕಿಗೆ ಮೂರು ಟ್ಯೂಬ್‌ಲೈಟ್

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮಳೆ ಹಿಡಿಯಿತೆಂದರೆ ಮಂಗಳೂರಿನ ಫ್ಲಾಟುಗಳಲ್ಲಿ ಕಿಟಕಿ ಬದಿಯ ಹರಿವೆ ಸಣಕಲಾಗತೊಡಗುತ್ತದೆ. ಗೊಬ್ಬರ ಸಾಲಲಿಲ್ಲವೆಂದು ಇನ್ನೊಂದು ಹಿಡಿ ಹಾಕಿ ಪ್ರಯೋಜನವಿಲ್ಲ, ಕೊರತೆ ಬೆಳಕಿನದ್ದು. ಎಲೆಯಿಂದ ಎಲೆಗೆ ಕಾಂಡ ಉದ್ದವಾಗಿ, ಕೆಂಪು ಹರಿವೆ ಹಸಿರಿಗೆ ತಿರುಗಿ, ಗಿಡ ಗಾಜಿನ ಕಡೆ ವಾಲಿದ್ದರೆ ಬೇರೆ ಪರೀಕ್ಷೆ ಬೇಡ.

ಯಾವ ದಿಕ್ಕಿನ ಕಿಟಕಿ ಎಂಬುದನ್ನೂ ನೋಡಬೇಕು. ನಮ್ಮೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಬಿಸಿಲು ಸುರಿಯುವ ದಕ್ಷಿಣದ ಕಿಟಕಿಗೆ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮೋಡ ಸರಿದರೂ ನೇರ ಬಿಸಿಲು ಬೀಳುವುದಿಲ್ಲ.

ಗಿಡಕ್ಕೆ ಲೆಕ್ಕ ಇಡೀ ದಿನದ್ದು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಮೊಬೈಲಿನ ಆ್ಯಪ್ ಅಷ್ಟು ನಿಖರವಲ್ಲ, ಆದರೆ ಹೋಲಿಸಿ ನೋಡಲು ಸಾಕು. ಎಲೆಯ ಮಟ್ಟದಲ್ಲಿ ಪರದೆ ಮೇಲ್ಮುಖವಾಗಿರುವಂತೆ ಹಿಡಿಯಿರಿ. ದಟ್ಟ ಮೋಡದ ದಿನ ಕಿಟಕಿಯಿಂದ ಒಂದಡಿ ಒಳಗೆ 2,000 ಲಕ್ಸ್ ಸಿಕ್ಕಿತೆನ್ನಿ, ಹಗಲಿನ ಹತ್ತು ತಾಸಿಗೆ ಗುಣಿಸಿದರೆ ಒಟ್ಟು 20,000 ಆಯಿತು. ಸೊಪ್ಪು ಗಟ್ಟಿಯಾಗಿ ಬರಲು ಇದೇ ಲೆಕ್ಕದಲ್ಲಿ ಒಂದೂವರೆ ಲಕ್ಷದ ಹತ್ತಿರ ಬೇಕು. ಉಳಿದದ್ದು ದೀಪದ ಪಾಲು.

ಅದಕ್ಕೆ 4 ಅಡಿಯ, 20 ವಾಟಿನ, 6500 ಕೆಲ್ವಿನ್ (ತಂಪು ಬಿಳಿ ಬೆಳಕಿನ) ಎಲ್‌ಇಡಿ ಟ್ಯೂಬ್ ಮೂರು ಸಾಕು. ಗಿಡಕ್ಕೆಂದೇ ಮಾರುವ ನೇರಳೆ ಬೆಳಕಿನ ಗ್ರೋ ಲೈಟ್ ಬೇಡ, ಅದರಡಿ ಎಲೆ ಹಳದಿಯಾದರೂ ಚುಕ್ಕೆ ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಒಂದೂಕಾಲು ಅಡಿ ಅಗಲದ ಸ್ಟ್ಯಾಂಡಿನ ಮೇಲೆ ಸಾಲಾಗಿ, ಎಲೆಯಿಂದ 20–25 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿ, ಕೋಣೆಯ ಬದಿಗೆ ಬಿಳಿ ಥರ್ಮೋಕೋಲ್ ನಿಲ್ಲಿಸಿದರೆ 9–10 ಸಾವಿರ ಲಕ್ಸ್ ಸಿಗುತ್ತದೆ. ಗಿಡ ಬೆಳೆದ ಹಾಗೆ ಸರಪಳಿ ಒಂದೊಂದು ಕೊಂಡಿ ಮೇಲೇರಬೇಕು. ಕುಂಡಗಳನ್ನು ಮೂರು ದಿನಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿ.

ಮಳೆಗಾಲದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ದೀಪ ಉರಿಯಲಿ. ಹಗಲಾಯಿತೆಂದು ಆರಿಸಬಾರದು, ಮೋಡದ ಬೆಳಕಿಗೆ ದೀಪದ್ದೂ ಕೂಡಿದರೆ ಮಾತ್ರ ಲೆಕ್ಕ ತುಂಬುವುದು. ಖರ್ಚು ದಿನಕ್ಕೆ 0.84 ಯೂನಿಟ್. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಲ್ಲಿ ಮೂರು ಗಂಟೆ ನೇರ ಬಿಸಿಲು ಬಿದ್ದರೆ ಅದೇ ಒಂದು ಲಕ್ಷದಷ್ಟಾಗುತ್ತದೆ. ಆಗ ಸಂಜೆ ನಾಲ್ಕು ತಾಸು ದೀಪ ಹಾಕಿದರೆ ಆಯಿತು. ಕೊತ್ತಂಬರಿಗೆ ಮಾತ್ರ ಹಗಲು, ದೀಪ ಎರಡೂ ಸೇರಿ 12–13 ಗಂಟೆ ದಾಟದಿದ್ದರೆ ಒಳ್ಳೆಯದು. ದಿನ ಉದ್ದವಾದಷ್ಟೂ ಅದು ಬೇಗ ಹೂಬಿಡುತ್ತದೆ. ಬದನೆ, ಟೊಮೆಟೊಗೆ ಇಷ್ಟು ಬೆಳಕು ಏನೇನೂ ಸಾಲದು.

ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ಮುಳ್ಳು ತಿರುಗಿಸುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತೇ ಇರುತ್ತದೆ. ಸಿಡಿಲಿನ ಒಂದು ವಾರ ಕಳೆಯುವಷ್ಟರಲ್ಲಿ ದೀಪ ನಡುರಾತ್ರಿಯವರೆಗೆ ಉರಿಯತೊಡಗಿರುತ್ತದೆ.

ಈ ಏರ್ಪಾಡಿನಲ್ಲಿ ಹೆಚ್ಚು ಸಸಿ ಸಾಯುವುದು ನೀರಿನಿಂದ. ದೀಪವಿದೆಯೆಂದು ಬೇಸಿಗೆಯಂತೆ ದಿನಾ ನೀರು ಹಾಕುತ್ತಾರೆ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಮಣ್ಣು ಆರುವುದೇ ಇಲ್ಲ. ಮೊಳಕೆಯ ಕಾಂಡ ಮಣ್ಣು ಮುಟ್ಟುವಲ್ಲಿ ನೀರು ನೀರಾಗಿ, ದಾರದಷ್ಟು ಸಪೂರವಾಗಿ, ಎಲೆ ಇನ್ನೂ ಹಸಿರಿರುವಾಗಲೇ ಮಲಗಿಬಿಡುತ್ತದೆ. ಅದು ಶಿಲೀಂಧ್ರ. ಬೆರಳಿನ ಒಂದು ಗೆಣ್ಣು ಆಳಕ್ಕೆ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ; ಸಣ್ಣ ಫ್ಯಾನನ್ನು ಎಲೆ ತುಸು ಅಲುಗುವಷ್ಟು ನಿಧಾನಕ್ಕೆ ಬಿಡಿ. ಬಿತ್ತಲು ಸುಡುಮಣ್ಣು (ಸೊಪ್ಪು-ಕಸದೊಂದಿಗೆ ಸುಟ್ಟ ಮಣ್ಣು) ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ವಯರು ಪ್ಲಗ್ಗಿಗಿಂತ ಕೆಳಗೆ ಜೋತು, ಮತ್ತೆ ಮೇಲೇರಿ ಸಾಕೆಟ್ಟಿಗೆ ಹೋಗಲಿ. ಎರಚಲು ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕಡಲ ಗಾಳಿಯ ಉಪ್ಪಿಗೆ ಟ್ಯೂಬಿನ ಪಿನ್ನು ಹಸಿರುಗಟ್ಟುತ್ತದೆ, ತಿಂಗಳಿಗೊಮ್ಮೆ ಮೈನ್ ಆಫ್ ಮಾಡಿ ಒಣಬಟ್ಟೆಯಲ್ಲಿ ಒರೆಸಿ.