ತಾಮ್ರದ ನೀರು, ಇದ್ದಿಲ ಪುಡಿ: ಪ್ರಯೋಗ ಎಲ್ಲಿಗೆ ಬಂತು

ಕೊಳಚೆ ನೀರಿನಲ್ಲಿರುವ ತಾಮ್ರವನ್ನು ಇದ್ದಿಲ ಪುಡಿಯಂಥ ವಸ್ತು ಹಿಡಿದು ತೆಗೆಯುತ್ತದಾ ಅಂತ ಮನೆಯಲ್ಲೇ ಪ್ರಯೋಗ ಮಾಡಿ ನೋಡುತ್ತಿದ್ದೇನೆ. ಈ ಸಲದ ಫಲಿತಾಂಶ ಜಾಸ್ತಿನೇ ಚೆನ್ನಾಗಿತ್ತು. ಅದಕ್ಕೇ ಅನುಮಾನ ಬಂತು.

ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ಕೆಲಸ) ಕೊಳಚೆ ನೀರಿನ ಬದಲಿಗೆ ನಾನು ಬಳಸುತ್ತಿರುವುದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 0.393 ಗ್ರಾಂ ಹಾಕಿದರೆ, ಲೀಟರಿಗೆ 100 ಮಿಲಿಗ್ರಾಂ ತಾಮ್ರ ಸಿಗುತ್ತದೆ. ಬಣ್ಣ ಕಣ್ಣಿಗೆ ಕಾಣುವುದೇ ಕಷ್ಟ. ಒಂದಿಷ್ಟು ಅಮೋನಿಯ ಬಿದ್ದರೆ ನೀಲಿ ಎದ್ದು ಕಾಣುತ್ತದೆ. ಎಷ್ಟು ತಾಮ್ರ ಇದೆ ಅಂತ ಗೊತ್ತಿರುವ ಟ್ಯೂಬುಗಳನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ ನಿಲ್ಲಿಸಿ, ಮೇಲಿನಿಂದ ನೋಡಿ ಹೋಲಿಸುತ್ತೇನೆ.

ಇದ್ದಿಲ ಪುಡಿ ಹಾಕಿ ಕಲಕಿ, ಸೋಸಿ, ಅಮೋನಿಯ ಬಿಟ್ಟರೆ ನೀಲಿಯೇ ಇಲ್ಲ! ಸಾದಾ ಇದ್ದಿಲು ಅಷ್ಟೊಂದು ತಾಮ್ರ ಹಿಡಿಯುತ್ತದಾ? ನೀರು ಆಮ್ಲವೋ ಕ್ಷಾರವೋ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿದೆ (7 ನಡುಮಟ್ಟ, ಅದಕ್ಕಿಂತ ಮೇಲೆ ಕ್ಷಾರ). 8ರ ಹತ್ತಿರ ಇತ್ತು. ಕಳ್ಳ ಸಿಕ್ಕಿದ. ಇದ್ದಿಲಲ್ಲಿ ಬೂದಿ ಇರುತ್ತದೆ, ಬೂದಿ ಕ್ಷಾರ. ಇಷ್ಟು ತಾಮ್ರ ಇರುವ ನೀರಿನಲ್ಲಿ ಪಿಎಚ್ 5.5 ದಾಟಿದರೆ ತಾಮ್ರ ಹೈಡ್ರಾಕ್ಸೈಡ್ ಆಗಿ ಗಸಿ ಕಟ್ಟಲು ಶುರುವಾಗುತ್ತದೆ. ಸೋಸುವಾಗ ಆ ಗಸಿಯೂ ಕಾಗದದಲ್ಲೇ ಉಳಿಯುತ್ತದೆ. ಖಾತ್ರಿ ಮಾಡಿಕೊಳ್ಳಲು ಇದ್ದಿಲೇ ಇಲ್ಲದ ಟ್ಯೂಬಿಗೆ ಹನಿ ಹನಿ ಕಾಸ್ಟಿಕ್ ಸೋಡಾ ಬಿಟ್ಟು ಅದೇ ಪಿಎಚ್‌ಗೆ ತಂದೆ. ಸೋಸಿದ ಮೇಲೆ ಅಲ್ಲೂ ನೀಲಿ ಇಲ್ಲ. ಅಂದರೆ ನೀಲಿ ಮಾಯವಾಗಲು ಗಸಿಯೊಂದೇ ಸಾಕು. ಅದನ್ನು ಅಡ್ಸಾರ್ಪ್ಶನ್ (ಇದ್ದಿಲ ಮೈಗೆ ತಾಮ್ರ ಅಂಟಿಕೊಳ್ಳುವುದು) ಅಂತ ಹೇಳುವ ಹಾಗಿಲ್ಲ. ಒಂದು ಮಾತು: ಸೋಸದೆ ಅಮೋನಿಯ ಹಾಕಿದರೆ ಗಸಿ ಮತ್ತೆ ಕರಗಿ ನೀಲಿ ವಾಪಸ್ ಬರುತ್ತದೆ.

ಇದ್ದಿಲನ್ನು ತೆಳು ಆಸಿಡ್‌ನಲ್ಲಿ ತೊಳೆದು, ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಪಿಎಚ್ 5ರಲ್ಲಿ ಹಾಕಿದಾಗ ನಿಜ ಹೊರಬಿತ್ತು. ಬಣ್ಣ ಸ್ವಲ್ಪವೇ ಇಳಿಯಿತು.

ಈಗ ನನ್ನ ನಂಬಿಕೆ ಮರದ ಹೊಟ್ಟಿನ ಮೇಲೆ. ಅದನ್ನು ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸಿ, ಒಣಗಿಸಿ, 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ನಾರಿಗೆ ಕಾರ್ಬಾಕ್ಸಿಲ್ ಗುಂಪುಗಳು (ಸಿಟ್ರಿಕ್ ಆಸಿಡ್‌ನ ಆಮ್ಲೀಯ ತುದಿಗಳು) ಅಂಟಿಕೊಳ್ಳುತ್ತವೆ. ತಾಮ್ರವನ್ನು ಹಿಡಿಯುವ ಕೈಗಳು ಅವೇ. ಪಿಎಚ್ ತೀರಾ ಇಳಿದರೆ ಆ ಜಾಗವನ್ನೆಲ್ಲ ಹೈಡ್ರೋಜನ್ ಅಯಾನು ಆಕ್ರಮಿಸುತ್ತದೆ. ಹೊಟ್ಟನ್ನು ತೊಳೆಯುವುದೇ ದೊಡ್ಡ ಕೆಲಸ. ಕಂದು ಬಣ್ಣ ಬಿಡುತ್ತಲೇ ಇರುತ್ತದೆ, ನೀಲಿ ನೋಡಲು ಬಿಡುವುದಿಲ್ಲ. ಪೂರ್ತಿ ತೊಳೆದ ಹೊಟ್ಟು ಅರ್ಧ ಗ್ರಾಂ, ನೀರು 100 ಮಿಲಿಲೀಟರ್: ತಾಮ್ರ ಲೀಟರಿಗೆ 100ರಿಂದ ಸುಮಾರು 40 ಮಿಲಿಗ್ರಾಂಗೆ ಇಳಿಯಿತು. ಗ್ರಾಂಗೆ 12 ಮಿಲಿಗ್ರಾಂ ಹಿಡಿದ ಲೆಕ್ಕ. ಕಣ್ಣಂದಾಜಾದರೂ ಇದು ನಂಬುವಂಥ ಅಂಕಿ.

ಸೀಸ, ಕ್ರೋಮಿಯಂನಂಥ ಬೇರೆ ಲೋಹಗಳ ಪ್ರಯೋಗ ಯಾವಾಗ ಅಂತ ಕೇಳಬೇಡಿ. ಅವನ್ನು ಮನೆಯಲ್ಲಿ ಮುಟ್ಟುವುದಿಲ್ಲ. ಕ್ರೋಮಿಯಂನ ಒಂದು ರೂಪ, ಆರು ವೇಲೆನ್ಸಿಯದು, ಕ್ಯಾನ್ಸರ್ ತರುವಂಥದ್ದು, ಸುಮ್ನೆ ಯಾಕೆ?

ಮುಂದಿನ ಕೆಲಸ, ತಾಮ್ರ ಹಿಡಿದ ಹೊಟ್ಟನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆದು ಎಷ್ಟು ವಾಪಸ್ ಬರುತ್ತದೆ ಅಂತ ನೋಡುವುದು. ಬಂದ ತಾಮ್ರ ಕಡಿಮೆ ನೀರಿನಲ್ಲಿ ಒಟ್ಟಾಗಿರುತ್ತದೆ. ಅದನ್ನು ಸಿಂಕಿಗೆ ಸುರಿದರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ? ಕಬ್ಬಿಣದ ಮೊಳೆ ಹಾಕಿ ಲೋಹವಾಗಿಯೇ ಇಳಿಸುವ ಯೋಚನೆ ಇದೆ.