ಬಾಡಿಗೆ ಕಟ್ಟಡದ ಕಡತದಲ್ಲಿ ಬರೆಯದೆ ಉಳಿದ ಕಾರಣ

ಮಡಿಕೇರಿಯ ಸರ್ಕಾರಿ ಕಚೇರಿಯೊಂದರಲ್ಲಿ ವಿಷಯ ನಿರ್ವಾಹಕನಾಗಿದ್ದ ವರ್ಷಗಳಲ್ಲಿ ಬಾಡಿಗೆ ಕಟ್ಟಡಗಳ ಕಡತಗಳು ನನ್ನ ಮೇಜಿನ ಮೇಲಿದ್ದವು. ಕೊಡಗಿನಲ್ಲಿ ಕಚೇರಿಗೆ ತಕ್ಕ ಖಾಸಗಿ ಕಟ್ಟಡ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಸಮತಟ್ಟಾದ ಜಾಗವೇ ಕಡಿಮೆ. ಹೆಚ್ಚಿನ ಕಟ್ಟಡಗಳು ಗುಡ್ಡವನ್ನು ಕಡಿದು, ಬರೆಗೆ, ಅಂದರೆ ಹಾಗೆ ಕಡಿದ ಗುಡ್ಡದ ಕಡಿದಾದ ಮಣ್ಣಿನ ಗೋಡೆಗೆ, ಬೆನ್ನುಕೊಟ್ಟು ನಿಂತಿರುತ್ತವೆ. ಕುಶಾಲನಗರ ಮತ್ತು ಪೊನ್ನಂಪೇಟೆ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಕಚೇರಿಗಳ ಅಗತ್ಯವೂ ಹೆಚ್ಚಿತು. ಕಾಫಿಯ ಬೆಲೆ ಏರಿದರೂ ಇಳಿದರೂ ತಿಂಗಳು ತಿಂಗಳು ಬರುವ ಸರ್ಕಾರಿ ಬಾಡಿಗೆ ಒಂದು ಕುಟುಂಬಕ್ಕೆ ದೊಡ್ಡ ಆಧಾರ. ಆದ್ದರಿಂದ ಯಾವ ಕಟ್ಟಡವನ್ನು ಆರಿಸುತ್ತೇವೆ ಎಂಬುದು ಮಾಲೀಕರಿಗೆ ಸಣ್ಣ ವಿಷಯವಲ್ಲ, ಅದರ ಮೇಲೆ ತಕರಾರು ಬರುವುದರಲ್ಲಿ ಆಶ್ಚರ್ಯವೂ ಇಲ್ಲ.

ಕ್ರಮವೇನೋ ಎಲ್ಲರಿಗೂ ಗೊತ್ತಿರುವುದೇ. ಸರ್ಕಾರಿ ಕಟ್ಟಡ ಲಭ್ಯವಿಲ್ಲವೆಂದು ಖಚಿತಪಡಿಸಿಕೊಂಡು ಪ್ರಕಟಣೆ ಹೊರಡಿಸುವುದು, ಬಂದ ಪ್ರಸ್ತಾವನೆಗಳನ್ನು ನೋಡಿ ಸ್ಥಳ ಪರಿಶೀಲಿಸುವುದು, ಬಾಡಿಗೆ ನ್ಯಾಯಸಮ್ಮತವೇ ಎಂದು ಲೋಕೋಪಯೋಗಿ ಇಲಾಖೆಯಿಂದ ದೃಢೀಕರಣ ಪಡೆಯುವುದು, ಮಂಜೂರಾತಿಯ ನಂತರ ಕರಾರು ಮಾಡಿಕೊಳ್ಳುವುದು. ನಾನು ಹೇಳಬೇಕೆಂದಿರುವುದು ಈ ಎಲ್ಲ ಹಂತಗಳನ್ನೂ ದಾಟಿದ ಮೇಲೂ ಮುರಿದುಬಿದ್ದ ಒಂದು ಆಯ್ಕೆಯ ವಿಷಯ.

ಪ್ರಕಟಣೆಯ ಕರಡನ್ನು ಬರೆದವನು ನಾನೇ. ‘ಸುಮಾರು 2,500 ಚದರ ಅಡಿ ವಿಸ್ತೀರ್ಣದ, ಕಚೇರಿಗೆ ಸೂಕ್ತವಾದ ಕಟ್ಟಡ’ ಎಂದು ಬರೆದಿದ್ದೆ. ಮೂರು ಪ್ರಸ್ತಾವನೆಗಳು ಬಂದವು. ಮೊದಲು ಬಾಡಿಗೆಯ ಲಕೋಟೆಗಳನ್ನು ತೆರೆದೆವು, ಅನಂತರ ಕಟ್ಟಡಗಳನ್ನು ನೋಡಲು ಹೋದೆವು. ಎಲ್ಲಕ್ಕಿಂತ ಕಡಿಮೆ ಬಾಡಿಗೆ ಹೇಳಿದ್ದ ಕಟ್ಟಡಕ್ಕೆ ನಾವು ಹೋದದ್ದು ಜುಲೈ ತಿಂಗಳ ಜಡಿಮಳೆಯಲ್ಲಿ. ಮುಂಭಾಗ ಅಚ್ಚುಕಟ್ಟಾಗಿತ್ತು. ದಾಖಲೆ ಕೊಠಡಿಗೆಂದು ತೋರಿಸಿದ ಹಿಂದಿನ ಕೋಣೆಯ ಗೋಡೆ ನೇರವಾಗಿ ಬರೆಗೆ ತಾಗಿಕೊಂಡಿತ್ತು. ಅಂಗೈ ಇಟ್ಟರೆ ಸುಣ್ಣ ಒದ್ದೆಯಾಗಿ ಕೈಗೆ ಅಂಟುತ್ತಿತ್ತು, ನೆಲದಿಂದ ಮೊಣಕಾಲೆತ್ತರದವರೆಗೆ ಬೂಸು ಹಿಡಿದಿತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಣ್ಣಾರೆ ಕಂಡವರು ನಾವು. ಅಲ್ಲಿ ಕಡತಗಳನ್ನು ಇಡುವುದು ಬೇಡ, ಆ ಕೋಣೆಯಲ್ಲಿ ಯಾರನ್ನೂ ಕೂರಿಸುವುದೂ ಬೇಡ ಎಂದು ಸಮಿತಿಯ ಎಲ್ಲರಿಗೂ ಅನ್ನಿಸಿತು. ಆ ತೀರ್ಮಾನ ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ.

ಆದರೆ ಸಭಾ ನಡವಳಿಯಲ್ಲಿ ನಾನು ಬರೆದದ್ದು ‘ಸದರಿ ಕಟ್ಟಡವು ಸೂಕ್ತವಾಗಿರುವುದಿಲ್ಲ’ ಎಂಬ ಒಂದೇ ಸಾಲು. ಎರಡನೆಯ ಪ್ರಸ್ತಾವನೆಯನ್ನು ಒಪ್ಪಿದೆವು.

ಹತ್ತು ದಿನಗಳೊಳಗೆ ಮೊದಲ ಕಟ್ಟಡದ ಮಾಲೀಕರು, ವಯಸ್ಸಾದವರು, ಕಚೇರಿಗೆ ಬಂದರು. “ಸಾರ್, ಕಡಿಮೆ ಬಾಡಿಗೆ ಹೇಳಿದವನು ನಾನು. ನನ್ನದನ್ನು ಬಿಟ್ಟು ಹೆಚ್ಚು ಕೇಳಿದವರಿಗೆ ಕೊಟ್ಟಿದ್ದೀರಿ. ನನ್ನ ಕಟ್ಟಡಕ್ಕೆ ಏನಾಗಿದೆ ಎಂದಾದರೂ ಹೇಳಿ” ಎಂದರು. ಬಾಯಿಮಾತಿನಲ್ಲಿ ಹೇಳಿದೆ. ಅದನ್ನೇ ಬರೆದುಕೊಡಿ ಎಂದರು. ಬರೆದುಕೊಡಲು ಕಡತದಲ್ಲಿ ಏನೂ ಇರಲಿಲ್ಲ. ಅವರು ಮಾಹಿತಿ ಹಕ್ಕಿನಡಿ ನಡವಳಿಯ ಪ್ರತಿ ಪಡೆದರು, ಮೇಲಧಿಕಾರಿಗಳಿಗೆ ಆಕ್ಷೇಪಣೆ ಸಲ್ಲಿಸಿದರು, ಅನಂತರ ವಕೀಲರ ಮೂಲಕ ನೋಟಿಸು ಕಳುಹಿಸಿದರು. ಆಕ್ಷೇಪಣೆಯಲ್ಲಿ ಮತ್ತೊಂದು ಅಂಶವೂ ಇತ್ತು: ನಾವು ಆರಿಸಿದ ಕಟ್ಟಡದ 2,500 ಚದರ ಅಡಿಯಲ್ಲಿ ಗೋಡೆಗಳ ದಪ್ಪ, ಜಗುಲಿ, ಮೆಟ್ಟಿಲು ಎಲ್ಲವೂ ಸೇರಿವೆ, ಒಳಗೆ ಬಳಸಲು ಸಿಗುವ ಜಾಗ ಅದಕ್ಕಿಂತ ಬಹಳ ಕಡಿಮೆ ಎಂದು. ಟೇಪು ಹಿಡಿದು ಅಳೆದಾಗ ಅವರ ಮಾತೇ ನಿಜವಾಯಿತು. ಕಾರ್ಪೆಟ್ ಏರಿಯಾವೋ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) ಪ್ಲಿಂತ್ ಏರಿಯಾವೋ (ಗೋಡೆಗಳ ದಪ್ಪವೂ ಸೇರಿದ ಜಾಗ) ಎಂಬುದನ್ನು ನನ್ನ ಪ್ರಕಟಣೆ ಹೇಳಿರಲೇ ಇಲ್ಲ. ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಲೆಕ್ಕ ಹಾಕಿ ಕೊಟ್ಟಿದ್ದರು. ಹಾಗಿರುವಾಗ ಚದರ ಅಡಿಗೆ ಇಷ್ಟು ಎಂದು ನಾವು ಮಾಡಿದ ಹೋಲಿಕೆಗೆ ಬೆಲೆಯೇ ಇರಲಿಲ್ಲ.

ತೇವದ ವಿಷಯವನ್ನು ವಿವರಿಸಿ ಉತ್ತರ ಸಿದ್ಧಪಡಿಸಿಕೊಂಡು ನಾನು ಸರ್ಕಾರಿ ವಕೀಲರ ಬಳಿಗೆ ಹೋದೆ. ಅವರು ಓದಿ, ನಡವಳಿಯ ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದ್ದನ್ನು ವಿವರಿಸಿದರು: ಆದೇಶವು ನಿಲ್ಲಬೇಕಾದದ್ದು ಅದರಲ್ಲೇ ಬರೆದಿರುವ ಕಾರಣಗಳ ಮೇಲೆ, ಪ್ರಶ್ನೆ ಬಂದ ಮೇಲೆ ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೊಸ ಕಾರಣ ಸೇರಿಸಿ ಅದನ್ನು ಉಳಿಸಿಕೊಳ್ಳಲಾಗದು. ಬೊಂಬಾಯಿ ವಿಮಾನ ನಿಲ್ದಾಣದ ರೆಸ್ಟೋರೆಂಟಿನ ಟೆಂಡರಿಗೆ ಸಂಬಂಧಿಸಿದ 1979ರ ರಮಣ ದಯಾರಾಮ ಶೆಟ್ಟಿ ತೀರ್ಪನ್ನೂ ಅವರೇ ಓದಲು ಕೊಟ್ಟರು. ಸರ್ಕಾರಿ ಸಂಸ್ಥೆ ತಾನೇ ಪ್ರಕಟಿಸಿದ ಅರ್ಹತೆಯ ಷರತ್ತಿಗೆ ತಾನೂ ಬದ್ಧವಾಗಿರಬೇಕು ಎಂಬುದು ಅದರ ಸಾರ. ಅರ್ಜಿದಾರರು ತಡವಾಗಿ ಬಂದದ್ದೂ ಸೇರಿದಂತೆ ಬೇರೆ ಕಾರಣಗಳಿಂದ ಆ ಗುತ್ತಿಗೆಯನ್ನು ನ್ಯಾಯಾಲಯ ರದ್ದುಪಡಿಸಲಿಲ್ಲ. ನಮ್ಮ ಮಾಲೀಕರಾದರೋ ಒಂದು ದಿನವೂ ತಡಮಾಡಿರಲಿಲ್ಲ. ನ್ಯಾಯಾಲಯಗಳು ಸಾಮಾನ್ಯವಾಗಿ ಯಾವ ಕಟ್ಟಡ ಒಳ್ಳೆಯದು ಎಂಬ ಚರ್ಚೆಗೆ ಇಳಿಯುವುದಿಲ್ಲ, ತೀರ್ಮಾನಕ್ಕೆ ಬಂದ ದಾರಿಯನ್ನು ನೋಡುತ್ತವೆ. ನಮ್ಮ ತೀರ್ಮಾನ ಸರಿಯಿದ್ದರೂ ದಾರಿ ಸರಿಯಿರಲಿಲ್ಲ. ಆಯ್ಕೆಯನ್ನು ಹಿಂಪಡೆಯಲಾಯಿತು. ಮರುಪ್ರಕಟಣೆ ಮುಗಿಯುವವರೆಗೆ ಎರಡು ಕೋಣೆಗಳಲ್ಲಿ ಇಡೀ ಕಚೇರಿ ನಡೆಯಿತು, ನಾಪೋಕ್ಲು, ಭಾಗಮಂಡಲಗಳಿಂದ ಬಂದ ಜನ ಮಳೆಯಲ್ಲಿ ಹೊರಗೆ ನಿಂತರು. ಅದು ನನ್ನನ್ನು ಬಹಳ ನೋಯಿಸಿತು.

ಎರಡನೆಯ ಪ್ರಕಟಣೆಯನ್ನು ಬರೆಯಲು ನಾನು ನಾಲ್ಕು ದಿನ ತೆಗೆದುಕೊಂಡೆ. ವಿಸ್ತೀರ್ಣವೆಂದರೆ ಗೋಡೆಗಳ ಒಳಗಿನ ಅಳತೆ ಮಾತ್ರ ಎಂದು ನಮೂದಿಸಿದೆ. ದಾಖಲೆ ಕೊಠಡಿಯ ಗೋಡೆ ಬರೆಗೆ ತಾಗಿರಬಾರದು, ನಡುವೆ ಚರಂಡಿ ಇರಬೇಕು ಎಂದು ಬರೆದೆ. ವಿಕಲಚೇತನರು ಮೆಟ್ಟಿಲಿಲ್ಲದೆ ಒಳಬರುವ ದಾರಿ ಬೇಕೆಂಬುದನ್ನೂ ಸೇರಿಸಿದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಅದು ನಮ್ಮ ದಯೆಗೆ ಬಿಟ್ಟ ವಿಷಯವಲ್ಲ. ಹಕ್ಕುಪತ್ರಗಳ ವಿಷಯದಲ್ಲಿ ಕೊಡಗಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಮುಖ್ಯಸ್ಥರ, ಹೆಸರಿದ್ದರೂ ಕುಟುಂಬದ ಇತರರಿಗೂ ಹಕ್ಕಿರುತ್ತದೆ, ಒಬ್ಬರ ಸಹಿ ಪಡೆದು ಒಳಹೊಕ್ಕ ಮೇಲೆ ಇನ್ನೊಬ್ಬರು ಬಾಡಿಗೆಯಲ್ಲಿ ಪಾಲು ಕೇಳಿಕೊಂಡು ಬಂದರೆ ಬಿಲ್ಲು ನಿಲ್ಲುತ್ತದೆ. ಹಾಗಾಗಿ ಎಲ್ಲ ಹಕ್ಕುದಾರರ ಒಪ್ಪಿಗೆಯನ್ನು ಪ್ರಸ್ತಾವನೆಯ ಜೊತೆಯಲ್ಲೇ ಕೇಳಿದೆವು.

ಈ ಸಲ ಪ್ರತಿ ಪ್ರಸ್ತಾವನೆಗೂ ಲಕೋಟೆಗಳು ಎರಡು: ಒಂದು ಕಟ್ಟಡದ ವಿವರಕ್ಕೆ, ಇನ್ನೊಂದು ಬಾಡಿಗೆಗೆ. ಕಟ್ಟಡಗಳನ್ನು ನೋಡಿ, ಮಾಲೀಕರ ಎದುರಿನಲ್ಲೇ ಅಳೆದು, ಅಳತೆಯ ಹಾಳೆಗೆ ಅವರ ಸಹಿ ಪಡೆದು, ಪ್ರತಿ ಷರತ್ತಿನ ಮುಂದೆ ಕಂಡದ್ದನ್ನು ಬರೆದ ಮೇಲಷ್ಟೇ ಬಾಡಿಗೆಯ ಲಕೋಟೆ ತೆರೆದೆವು. ಬಾಡಿಗೆ ಗೊತ್ತಾದ ಮೇಲೆ ಕುಂದು ಹುಡುಕಿದರೆ ಅದು ಎಷ್ಟೇ ನಿಜವಾದ ಕುಂದಾದರೂ ನೆಪದಂತೆ ಕಾಣುತ್ತದೆ, ಹಾಗೆ ಕಂಡದ್ದಕ್ಕೆ ಆ ಹಿರಿಯರನ್ನು ದೂರುವಂತಿರಲಿಲ್ಲ.

ಅವರೂ ಮತ್ತೆ ಪ್ರಸ್ತಾವನೆ ಕೊಟ್ಟಿದ್ದರು. ಚರಂಡಿಯ ಷರತ್ತಿನಲ್ಲಿ ಅವರ ಕಟ್ಟಡ ಅನರ್ಹವಾಯಿತು. ಕಾರಣಗಳನ್ನು ತಿಳಿಸಿ ಕಚೇರಿ ಕೊಟ್ಟ ಒಂದೂವರೆ ಪುಟದ ಹಿಂಬರಹವನ್ನು ನನ್ನ ಮೇಜಿನ ಎದುರು ಕುಳಿತು ಎರಡು ಸಲ ಓದಿದರು. ಆಕ್ಷೇಪಣೆ ಸಲ್ಲಿಸುವುದಾದರೆ ಯಾರಿಗೆ, ಎಷ್ಟು ದಿನಗಳೊಳಗೆ ಎಂಬುದು ಕೊನೆಯಲ್ಲಿದೆ ಎಂದು ತೋರಿಸಿದೆ. ಅವರು ಅದನ್ನು ಬಿಟ್ಟು, ಇಂಜಿನಿಯರರು ಒಸರು ಕಂಡದ್ದು ಗೋಡೆಯ ಯಾವ ಮೂಲೆಯಲ್ಲಿ ಎಂದು ಕೇಳಿದರು. ಪರಿಶೀಲನಾ ವರದಿಯ ನಕ್ಷೆಯನ್ನು ತೆಗೆದು ತೋರಿಸಿದೆ. ಮೇಸ್ತ್ರಿಗೆ ತೋರಿಸಬೇಕು ಎಂದು ಅದರದೂ ಒಂದು ಪ್ರತಿ ಕೇಳಿ ಪಡೆದು, ಸ್ವೀಕೃತಿಗೆ ಸಹಿ ಹಾಕಿ ಹೊರಟರು.